ಮುಚ್ಚಬೇಕಾದ್ದು ಒಳ್ಳೆಯ ಕಣ್ಣನ್ನೇ!

ಅಮೃತಹಳ್ಳಿಯ ಸುಬ್ಬಲಕ್ಷ್ಮಮ್ಮನವರಿಗೆ ಮೊಮ್ಮಗಳ ಮೆಳ್ಳೆಗಣ್ಣೆಂದರೆ ಎಲ್ಲಿಲ್ಲದ ಹೆಮ್ಮೆ. ಐದು ವರ್ಷದ ಮೋನಿಕಾಳ ಎಡಗಣ್ಣು ಮೂಗಿನ ಕಡೆಗೆ ಸ್ವಲ್ಪ ವಾಲುತ್ತಿತ್ತು.

“ಅದೃಷ್ಟ ಕಣೇ ರಾಧಾಮಣಿ! ಇವ್ಳು ಉಟ್ಟಿದ್ಮೇಲೇ ನಾವು ಮೂರಂತಸ್ತಿನ ಮನೆ ಕಟ್ಟಿದ್ದು.”

“ಮನೆ ಕಟ್ಟಿದ್ದು ದ್ರಾಕ್ಷಿ ತೋಟ ಮಾರಿದ ದುಡ್ಡು, ದೊಡ್ಡಮ್ಮ. ಮಗು ಕಣ್ಣಲ್ಲ!” ಎಂದೆ. ನಾನು ಆ ಬೀದಿಯ ಆಶಾ ಕಾರ್ಯಕರ್ತೆ. ಕಂಡೂ ಸುಮ್ಮನೆ ಬರಲು ನನ್ನಿಂದಾಗಲಿಲ್ಲ.

ಅಲ್ಲೇ ಮಗುವಿನ ಎಡಗಣ್ಣನ್ನು ಅಂಗೈಯಿಂದ ಮುಚ್ಚಿ ಬೆರಳು ತೋರಿಸಿದೆ. ಪಟಪಟನೆ ಎಣಿಸಿದಳು. ಆಮೇಲೆ ಬಲಗಣ್ಣು ಮುಚ್ಚಿದೆ. ಕತ್ತು ಕೊಸರಿ ನನ್ನ ಕೈ ತಳ್ಳಿಬಿಟ್ಟಳು.

“ತೆಗೀರಿ ಆಂಟಿ! ಕಾಣ್ಸಲ್ಲ!”

ಅಜ್ಜಿಯ ನಗು ನಿಂತಿತು.

ಮರುದಿನವೇ ಮೋನಿಕಾಳ ಅಮ್ಮನೂ ನಾನೂ ಅವಳನ್ನು ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೋದೆವು. ಡಾಕ್ಟರಮ್ಮ ಕನ್ನಡಕ ಬರೆದುಕೊಟ್ಟರು. ಜೊತೆಗೆ, ದಿನಕ್ಕೆ ಎರಡು ಗಂಟೆ ಬಲಗಣ್ಣಿಗೆ ಪಟ್ಟಿ ಅಂಟಿಸಿ ಎಂದರು.

“ಕಣ್ಣು ಚಿತ್ರ ಹಿಡಿಯುತ್ತೆ ಅಷ್ಟೇ, ಅದೇನು ಅಂತ ತಿಳ್ಕೊಳ್ಳೋದು ಮೆದುಳು. ಇವೆರಡರ ಸಂಪರ್ಕ ಚಿಕ್ಕ ವಯಸ್ಸಲ್ಲಿ ನೋಡ್ತಾ ನೋಡ್ತಾನೇ ಗಟ್ಟಿಯಾಗೋದು. ಎಡಗಣ್ಣು ವಾಲಿದ್ರಿಂದ ಮೆದುಳು ಅದರ ಚಿತ್ರ ಬೇಡ ಅಂತ ಬಿಟ್ಟಿದೆ. ಏಳೆಂಟು ವರ್ಷ ವಯಸ್ಸಾಗೋದ್ರೊಳಗೆ ಸರಿಮಾಡೋದು ಸುಲಭ. ಆಮೇಲೆ ಕಷ್ಟ. ಹಾಗೇ ಬಿಟ್ರೆ ಆ ಕಣ್ಣು ಜೀವನಪೂರ್ತಿ ಮಂದವಾಗೇ ಉಳೀಬಹುದು.”

ಆರು ವಾರ ಕಳೆಯಿತು. ಮತ್ತೆ ತೋರಿಸಿದರೆ, ಅಕ್ಷರದ ಚಾರ್ಟಿನಲ್ಲಿ ಒಂದೇ ಒಂದು ಸಾಲು ಮುಂದೆ ಹೋಗಿಲ್ಲ!

“ಪಟ್ಟಿ ಹಾಕ್ತಿದ್ದೀರಾ?” ಎಂದು ಡಾಕ್ಟರಮ್ಮ ಕೇಳಿದರು.

“ನಾನು ಕೆಲಸಕ್ಕೆ ಹೋಗ್ತೀನಿ ಮೇಡಂ. ನಮ್ಮತ್ತೆ ಒಂದು ದಿನವೂ ತಪ್ಪಿಸಿಲ್ಲ,” ಎಂದಳು ಅಮ್ಮ.

ಮಾರನೆಯ ದಿನ ಹೇಳದೆ ಕೇಳದೆ ಅವರ ಮನೆಗೆ ನುಗ್ಗಿದೆ. ಪಕ್ಕದ ಖಾಲಿ ಸೈಟಿನಲ್ಲಿ ಅಜ್ಜಿ ಗುದ್ದಲಿ ಹಿಡಿದು ದಂಟಿನ ಸೊಪ್ಪಿಗೆ ನೀರು ಬಿಡುತ್ತಿದ್ದರು. ಮೋನಿಕಾ ಮೆಟ್ಟಿಲ ಮೇಲೆ ಕೂತಿದ್ದಳು. ಪಟ್ಟಿಯೇನೋ ಇತ್ತು. ಎಡಗಣ್ಣಿಗೆ!

ನನಗೆ ಪಿತ್ತ ನೆತ್ತಿಗೇರಿತು.

“ದೊಡ್ಡಮ್ಮ! ಯಾವ್ ಕಣ್ಣಿಗೆ ಹಾಕಿದ್ದೀರಾ?”

“ಕೆಟ್ಟಿರೋ ಕಣ್ಣಿಗೆ! ಕಾಲು ಉಳುಕಿದ್ರೆ ಉಳುಕಿದ ಕಾಲಿಗೆ ತಾನೆ ಪಟ್ಟಿ ಕಟ್ಟೋದು? ಚೆನ್ನಾಗಿರೋ ಕಣ್ಣು ಮುಚ್ಚಿ ಮಗೂನ ಕುರುಡಿ ಮಾಡೋಕೆ ನಿಮ್ಗೆ ಮನಸ್ಸಾದ್ರೂ ಎಂಗೆ ಬಂತೇ? ಮೊದಲ್ನೇ ದಿನ ಆ ಕಣ್ಣು ಮುಚ್ಚಿದ್ರೆ ಮಗು ಬಾಗಿಲಿಗೆ ಗುದ್ದಿ ಗೊಳೋ ಅಂತು. ನಂಗೆ ನೋಡಕ್ಕಾಗ್ಲಿಲ್ಲ.”

ಬಾಯಿಗೆ ಬಂದ ಬೈಗುಳವನ್ನು ನುಂಗಿದೆ. ಅಜ್ಜಿಯ ಕಣ್ಣು ತುಂಬಿತ್ತು. ಆಚೆ ನೋಡಿದೆ. ತುದಿಯ ಪಾತಿ ಒಣಗಿ ಬಿರುಕು ಬಿಟ್ಟಿತ್ತು.

“ಆ ಪಾತಿ ಯಾಕೆ ಒಣಗಿದೆ?”

“ನೀರೆಲ್ಲಾ ಈ ಅತ್ರದ ಪಾತಿಗೇ ನುಗ್ತದೆ.”

“ಅದಕ್ಕೂ ಹೋಗ್ಬೇಕಂದ್ರೆ?”

“ಅಷ್ಟೂ ಗೊತ್ತಿಲ್ವೇನೇ? ತುಂಬಿರೋ ಪಾತಿ ಬಾಯಿಗೆ ಮಣ್ಣು ಕಟ್ಟಿ ನೀರು ತಿರುಗಿಸ್ಬೇಕು.”

“ಮಣ್ಣನ್ನ ಒಣಗಿರೋ ಪಾತಿ ಬಾಯಿಗೇ ಕಟ್ಟಿದ್ರೆ?”

“ತಲೆ ಕೆಟ್ಟಿದ್ಯಾ? ಇರೋ ಗಿಡಾನೂ ಸತ್ತೋ…”

ಗುದ್ದಲಿ ಕೈಯಿಂದ ಜಾರಿತು. ಅಜ್ಜಿ ಮೊಮ್ಮಗಳ ಕಡೆ ತಿರುಗಿದರು.

“ಅಯ್ಯೋ! ಆರು ವಾರದಿಂದ ನಾನೇ ಅಡ್ಡ ಕಟ್ಬಿಟ್ನೇನೇ?”

“ಅವಳಿಗೆ ಇನ್ನೂ ಐದೇ ವರ್ಷ ದೊಡ್ಡಮ್ಮ. ನೀರು ತಿರುಗಿಸೋಕೆ ಕಾಲ ಮೀರಿಲ್ಲ. ನಡೀರಿ!”

ಅಂದಿನಿಂದ ಅಜ್ಜಿಯೇ ಬಲಗಣ್ಣಿಗೆ ಪಟ್ಟಿ ಅಂಟಿಸಿದರು. ಮಗು ಅತ್ತಿತು, ಕಿತ್ತೆಸೆಯಿತು. ಅಜ್ಜಿ ಬಿಡಲಿಲ್ಲ. ಆ ಎರಡು ಗಂಟೆ ಪಕ್ಕದಲ್ಲೇ ಕೂತು ಮಗುವಿನ ಕೈಯಲ್ಲಿ ಮಣಿ ಪೋಣಿಸಿಸಿದರು, ಬಣ್ಣ ತುಂಬಿಸಿದರು. ಅವರೆಕಾಯಿ ಕಾಲ ಬಂದಾಗ ಮೊರ ಮುಂದಿಟ್ಟರು. ಹುಳ ಹುಡುಕಿದವರಿಗೆ ಕಡ್ಲೆಮಿಠಾಯಿ ಎಂದು ಪಂದ್ಯ!

ಜನವರಿಯ ಒಂದು ಬೆಳಿಗ್ಗೆ ಅವರ ಗೇಟು ತೆಗೆಯುತ್ತಿದ್ದೆ. ಒಳಗಿಂದ ಕೂಗು.

“ಅಜ್ಜೀ! ಹುಳ! ನೀನು ಬಿಡಿಸಿಟ್ಟಿರೋದ್ರಲ್ಲೇ ಹುಳ!”

ಓಡಿಹೋಗಿ ನೋಡಿದೆ. ಬಲಗಣ್ಣಿಗೆ ಪಟ್ಟಿ ಹಾಗೇ ಇತ್ತು. ಎಡಗಣ್ಣೊಂದರಲ್ಲೇ ಮಗು ಹಸಿರು ಕಾಳಿನ ರಾಶಿಯೊಳಗೆ ಹಸಿರು ಹುಳ ಕಂಡಿತ್ತು! ಅಕ್ಕಿ ಕಾಳಿನಷ್ಟು ಚಿಕ್ಕದು.

“ಎಲ್ಲೇ? ನಂಗೇ ಕಾಣ್ತಿಲ್ಲ!” ಎಂದು ಅಜ್ಜಿ ಮೊರಕ್ಕೆ ಮೂಗು ತಾಗಿಸಿದರು.

“ನಿಂಗೂ ಪಟ್ಟಿ ಹಾಕ್ಲಾ ಅಜ್ಜಿ?”

ಸುಬ್ಬಲಕ್ಷ್ಮಮ್ಮ ಮೊರದ ಸಮೇತ ಬೀದಿಗೆ ಓಡಿದರು. “ಉಳ ಸಿಕ್ತು ಕಣ್ರೇ! ನಮ್ ಮೋನಿಕಾಗೆ ಉಳ ಕಾಣ್ಸ್ತು!” ಅವರೆಕಾಯಲ್ಲಿ ಹುಳ ಬಿತ್ತೆಂದು ಇಷ್ಟು ಕುಣಿದ ಇನ್ನೊಬ್ಬರನ್ನು ನಾನಂತೂ ಕಂಡಿಲ್ಲ. ಆ ವಾರ ಚಾರ್ಟಿನಲ್ಲಿ ಮೂರು ಸಾಲು ಮುಂದೆ! “ನಾನು ಹೇಳೋವರೆಗೂ ಪಟ್ಟಿ ನಿಲ್ಲಿಸ್ಬೇಡಿ,” ಎಂದರು ಡಾಕ್ಟರಮ್ಮ. ಅಜ್ಜಿ ನಿಲ್ಲಿಸಿಲ್ಲ.

ಅಪ್ಪಂದಿರೇ, ಅಮ್ಮಂದಿರೇ, ಅಜ್ಜಿ ತಾತಂದಿರೇ, ನೇರವಾಗಿ ಹೇಳುತ್ತೇನೆ. ಮೆಳ್ಳೆಗಣ್ಣು ಅದೃಷ್ಟವೂ ಅಲ್ಲ, ಶಾಪವೂ ಅಲ್ಲ. ನೋಟ ನೆಟ್ಟಗಿದ್ದರೂ ಒಂದು ಕಣ್ಣು ಮಂದವಾಗಿರಬಹುದು. ಇನ್ನೊಂದು ಕಣ್ಣು ಎಲ್ಲ ಕೆಲಸ ಮಾಡುವುದರಿಂದ ಮಗುವಿಗೇ ಅದು ತಿಳಿದಿರುವುದಿಲ್ಲ. ಇಂದೇ ಮಗುವಿನ ಒಂದೊಂದೇ ಕಣ್ಣು ಮುಚ್ಚಿ ನೋಡಿ. ಏನೂ ತೊಂದರೆ ಕಾಣದಿದ್ದರೂ ಶಾಲೆಗೆ ಸೇರಿಸುವ ಮೊದಲು ಒಮ್ಮೆ ಕಣ್ಣಿನ ಡಾಕ್ಟರಿಗೆ ತೋರಿಸಿ. ಅವರು ಹೇಳಿದ ಕಣ್ಣಿಗೆ, ಹೇಳಿದಷ್ಟು ಹೊತ್ತು ಪಟ್ಟಿ ಹಾಕಿ. ನಿಮ್ಮ ಬುದ್ಧಿವಂತಿಕೆ ಬೇಡ! ಒಣಗಿದ ಪಾತಿಗೆ ನೀರು ಬೇಗ ತಿರುಗಿಸಿ.