ಗುಡಿಸಿದ ದಡ

ದೋಣಿ ಕೊನೆಯ ತಿರುವು ದಾಟುತ್ತಿದ್ದಂತೆ ತಾರಿಲಾ ಎದ್ದು ನಿಂತಳು. ಚಾಲಕ ಗದರಿದರೂ ಕೂರಲಿಲ್ಲ. ತನ್ನೂರು ಕೊರೊಗ್ಬೆನೆಯ ದಡ ಇರಬೇಕಾದಲ್ಲಿ ಬೇರೆ ಯಾವುದೋ ಊರಿನ ದಡ ಇದ್ದ ಹಾಗಿತ್ತು. ಕಾಲಿಗೆ ಅಂಟುವ ಕಪ್ಪು ಕೆಸರಿಲ್ಲ, ಡಾಂಬರಿನಂತೆ ಒಣಗಿ ಬಿರಿದ ಪದರವಿಲ್ಲ. ನೀರಿನ ಅಂಚಿನಿಂದ ಸಭೆಯ ಚಪ್ಪರದವರೆಗೂ ಹೊಸ ಬಿಳಿ ಮರಳು ಹರಡಿತ್ತು. ಅದರ ಮೇಲೆ ತೆಂಗಿನ ಕಡ್ಡಿಪೊರಕೆಯ ಗೆರೆಗಳು, ಆಗತಾನೇ ಬಾಚಿದ ತಲೆಯ ಹಾಗೆ.

ದಡದಲ್ಲಿ ಹೆಂಗಸರು ಒಂದೇ ಬಣ್ಣದ ಬಟ್ಟೆ ಉಟ್ಟು, ಸಾಲಾಗಿ ನಿಂತು ಹಾಡುತ್ತಿದ್ದರು. ಎಲ್ಲರ ಮುಂದೆ ಅವಳ ಚಿಕ್ಕಮ್ಮ ಅಕ್ಪೊಎಬಿ, ಊರಿನ ಮಹಿಳಾ ಸಂಘದ ಹಿರಿಯಳು, ಎರಡೂ ಕೈ ಚಾಚಿ ನಗುತ್ತಿದ್ದಳು.

"ಇದೇನಾ ಜಾಗ?" ಎಂದು ದೋಣಿಯಲ್ಲಿ ಜೊತೆಗಿದ್ದ ಪೆಲ್ಹಮ್ ಕೇಳಿದ. ಲಂಡನ್ನಿನ ನ್ಯಾಯಾಲಯ ಸ್ಥಳ ನೋಡಿ ಬರಲೆಂದು ಕಳಿಸಿದ್ದ ಮನುಷ್ಯ ಅವನು.

"ಇದೇ," ಎಂದಳು ತಾರಿಲಾ.

ತೈಲ ಕಂಪನಿಯ ಪರವಾಗಿ ಲೇಗೋಸಿನಿಂದ ಬಂದಿದ್ದ ವಕೀಲ ಕಪ್ಪು ಕನ್ನಡಕವನ್ನು ಹಣೆಯ ಮೇಲಕ್ಕೆ ಸರಿಸಿದ. "ಪರ್ವಾಗಿಲ್ವೇ. ಮುಂದಿನ ರಜಾಕ್ಕೆ ಮಕ್ಕಳನ್ನ ಇಲ್ಲಿಗೇ ಕರ್ಕೊಂಡು ಬರ್ತೀನಿ."

ತಾರಿಲಾ ಲಂಡನ್ನಿನ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದಳು. ಅಲ್ಲಿರುವ ಕೊರೊಗ್ಬೆನೆಯವರ ಸಂಘಕ್ಕೆ ಅವಳೇ ಅಧ್ಯಕ್ಷೆ. ಭಾನುವಾರ ಮಧ್ಯಾಹ್ನ ಇಗರ್ಜಿಯ ಹಿಂದಿನ ಕೋಣೆಯಲ್ಲಿ ಅವರು ಸೇರುತ್ತಿದ್ದರು. ಅರ್ಧ ಹೊತ್ತು ಜಗಳ, ಅರ್ಧ ಹೊತ್ತು ಊಟ. ಆ ಕೋಣೆಯಿಂದಲೇ ಕಂಪನಿಯ ಮೇಲಿನ ಮೊಕದ್ದಮೆ ಹುಟ್ಟಿದ್ದು. ಊರಿನ ಹೊಳೆಯಡಿಯ ಕೊಳವೆ ಒಡೆದು ಎಣ್ಣೆ ಸೋರಿದ್ದನ್ನು ಕಂಪನಿ ಅಲ್ಲಗಳೆಯುತ್ತಿರಲಿಲ್ಲ. ಆದರೆ ಅದೆಲ್ಲ ಎಂದೋ ತೊಳೆದುಹೋಯಿತು ಎನ್ನುತ್ತಿತ್ತು. ಸರ್ಕಾರದ ಅಧಿಕಾರಿಗಳು ನಾಲ್ಕು ಸಲ ಬಂದು ನೋಡಿದ್ದಾರೆ, ನಾಲ್ಕು ಸಲವೂ ದಡದಲ್ಲಿ ಎಣ್ಣೆ ಕಂಡಿಲ್ಲ. ಫೋಟೋ ತೋರಿಸಿದರೆ, ಯಾವ ಊರಿನದೋ ಯಾರಿಗೆ ಗೊತ್ತು ಎಂದರು ಕಂಪನಿಯವರು. ಕೊನೆಗೆ ನ್ಯಾಯಾಧೀಶರು ತಮ್ಮದೇ ಮನುಷ್ಯನನ್ನು ಕಳಿಸಲು ಒಪ್ಪಿದರು. ಅವನು ಕಣ್ಣಾರೆ ಕಂಡದ್ದು ಮಾತ್ರ ಲೆಕ್ಕಕ್ಕೆ. ಏನೂ ಕಾಣದಿದ್ದರೆ ಕೊರೊಗ್ಬೆನೆ ಮೊಕದ್ದಮೆಯಿಂದ ಹೊರಗೆ. ಅವನು ಬರುವುದು ಈ ಒಂದೇ ಸಲ.

ಸ್ವಾಗತದ ಗದ್ದಲದಲ್ಲಿ ಅವಳು ಚಿಕ್ಕಮ್ಮನ ತೋಳು ಹಿಡಿದು ಅಡುಗೆ ಗುಡಿಸಲಿನ ಹಿಂದಕ್ಕೆ ಕರೆದೊಯ್ದಳು.

"ಏನ್ ಮಾಡಿದ್ದೀರಿ ಚಿಕ್ಕಮ್ಮ ಇದು?"

"ಏನ್ ಮಾಡಿದ್ವಿ? ನೀನೇ ಫೋನಲ್ಲಿ ಹೇಳಿದ್ಯಲ್ಲ, ದೊಡ್ಡೋರು ಬರ್ತಾರೆ, ಚೆನ್ನಾಗಿ ತಯಾರಾಗಿರಿ ಅಂತ."

"ತಯಾರಾಗಿರಿ ಅಂದಿದ್ದು ಸಾಕ್ಷಿ ಹೇಳೋರಿಗೆ!"

"ಅವ್ರೂ ಆಗಿದ್ದಾರೆ. ಸ್ನಾನ ಮಾಡಿ, ಎಣ್ಣೆ ಹಚ್ಚಿ ತಲೆ ಬಾಚ್ಕೊಂಡು, ಬೆಳಿಗ್ಗೆಯಿಂದ ಮದುಮಕ್ಕಳ ಥರ ಕೂತಿದ್ದಾರೆ."

"ದಡದ ಮೇಲಿದ್ದಿದ್ದೆಲ್ಲಾ ಎಲ್ಲಿ?"

"ಕೆರೆದು, ದೋಣಿಗೆ ತುಂಬಿ, ಹೊಳೆಯಂಚಿನ ಕಾಂಡ್ಲಾ ಕಾಡಿನ ಹಿಂದೆ ಸುರಿದು ಬಂದ್ವಿ. ಬೆನ್ನು ಮುರಿದುಹೋಯ್ತು ಕಣೇ. ಮರಳು ಮೇಲಿನ ದಿಬ್ಬದಿಂದ ಹೊತ್ತು ತಂದಿದ್ದು. ಅದ್ಕೊಂದು ಒಳ್ಳೆ ಮಾತಿಲ್ಲ, ಬಂದವಳೇ ಪೊಲೀಸ್ನೋರ ಥರ ಕೇಳ್ತಾಳೆ."

"ಅವ್ರು ಬಂದಿರೋದೇ ಅದನ್ನ ನೋಡೋಕೆ!"

"ಹೊಲಸು ನೋಡೋಕೆ ವಿಮಾನ ಹತ್ತಿ ಬರ್ತಾರಾ ಯಾರಾದ್ರೂ? ಅತಿಥಿ ಕಾಲಿಗೆ ಹೇಸಿಗೆ ಮೆತ್ಕೊಂಡು ಚಪ್ಪರದೊಳಗೆ ಬರೋದನ್ನ ನಿಮ್ಮಮ್ಮ ಆಗಿದ್ರೆ ನೋಡ್ತಾ ನಿಂತಿರ್ತಿದ್ಲಾ? ಲಂಡನ್ನಲ್ಲಿ ನೀವು ಮನೆ ಗುಡಿಸ್ದೇನೇ ನೆಂಟರನ್ನ ಕರೀತೀರೇನು?"

ಅಲ್ಲೇ ಒಲೆಯ ಮುಂದೆ ಮೀನಿನ ಖಾರದ ಸಾರು ತಿರುವುತ್ತಿದ್ದ ದಿಸೆಯೆ ಎಂಬ ಹೆಂಗಸು ತಲೆಯೆತ್ತಿದಳು. "ಸರ್ಕಾರದೋರು ಬಂದಾಗ್ಲೂ ಹಿಂಗೇ ಗುಡಿಸಿದ್ವಲ್ಲಕ್ಕಾ. ಎಷ್ಟು ಮೆಚ್ಕೊಂಡು ಹೋದ್ರು. ಇಷ್ಟು ಚೊಕ್ಕಟವಾದ ಊರೇ ನೋಡಿಲ್ಲ ಅಂದ್ರು."

ತಾರಿಲಾ ಅವಳತ್ತ ತಿರುಗಿದಳು. "ಯಾವಾಗ?"

"ಯಾವಾಗ ಬಂದ್ರೂ. ಬರೋದು ಮೊದ್ಲೇ ಹೇಳಿ ಕಳಿಸ್ತಿದ್ರು, ಪಾಪ."

ತಾರಿಲಾ ಗುಡಿಸಲಿನ ಕಂಬಕ್ಕೆ ಒರಗಿದಳು. ಆ ಅಧಿಕಾರಿಗಳು ಲಂಚ ತಿಂದಿದ್ದಾರೆ ಎಂದು ಅವಳು ಎಷ್ಟು ಸಭೆಗಳಲ್ಲಿ ಹೇಳಿದ್ದಳು. ಬೇರೆ ಊರಿಗೆ ಹೋಗಿ ಬಂದು ಸುಳ್ಳು ಬರೆದಿದ್ದಾರೆ ಎಂದು ಇನ್ನು ಕೆಲವರು. ಉಬ್ಬರದ ಲೆಕ್ಕ, ಮಳೆಯ ಲೆಕ್ಕ, ಎಣ್ಣೆ ಆವಿಯಾಗುವ ಲೆಕ್ಕ, ಎಲ್ಲವನ್ನೂ ಕಾಗದದ ಮೇಲೆ ಹಾಕಿ ನೋಡಿದ್ದಳು. ಯಾವ ಲೆಕ್ಕದಲ್ಲೂ ಒಂದು ಪೊರಕೆ ಇರಲಿಲ್ಲ.

ಚಪ್ಪರದಲ್ಲಿ ಊರಿನ ಮುಖಂಡ ತಾಳೆಯ ಸಾರಾಯಿಯನ್ನು ನೆಲಕ್ಕೆ ಎರೆದು ತೀರಿಹೋದ ಹಿರಿಯರ ಹೆಸರು ಹೇಳಿದ. ಎಲ್ಲರೂ ಕುಳಿತರು. ಪೆಲ್ಹಮ್ ನಮ್ರವಾಗಿ ಒಂದು ಗುಟುಕು ಕುಡಿದು, ಕೆಮ್ಮಿ, ಕಣ್ಣೊರೆಸಿಕೊಂಡು ದಡದ ಕಡೆ ನೋಡಿದ. "ಮೇಡಂ, ನಂಗೆ ಇಲ್ಲಿ ಮರಳು ಬಿಟ್ರೆ ಬೇರೇನೂ ಕಾಣಿಸ್ತಿಲ್ಲ."

"ಏನಂತಾನೆ?" ಎಂದಳು ಅಕ್ಪೊಎಬಿ.

"ಎಣ್ಣೆ ಎಲ್ಲಿ ಅಂತಿದ್ದಾರೆ."

ಬಂದವರ ಮುಂದೆ ಮನೆಯ ಕಸದ ಮಾತು ತೆಗೆಯುವುದು ಆ ಊರಿನಲ್ಲಿ ಬಟ್ಟೆ ಬಿಚ್ಚಿದಷ್ಟೇ ನಾಚಿಕೆಯದು. ಹೆಂಗಸರೆಲ್ಲ ಅಕ್ಪೊಎಬಿಯ ಮುಖ ನೋಡುತ್ತಿದ್ದರು. ಅವಳು ಎದ್ದು, ಸೊಂಟದ ಬಟ್ಟೆಯನ್ನು ಬಿಗಿಯಾಗಿ ಸುತ್ತಿಕೊಂಡಳು.

"ನಾವೇ ಕೆರೆದು ತೆಗೆದ್ವಿ ಅಂತ ಹೇಳು. ಈ ಹುಡುಗಿ ಹೇಳಿಕೊಟ್ಟಿದ್ದಲ್ಲ, ನಾವೇ. ಸರ್ಕಾರದೋರು ಬಂದಾಗ್ಲೂ ಪ್ರತಿ ಸಲ ತೆಗೆದ್ವಿ. ಉಬ್ಬರ ಏರಿದ್ರೆ ಸಾಕು, ಮತ್ತೆ ಬಂದಿರುತ್ತೆ. ನಮ್ಮನೇಗೆ ಬಂದೋರು ಹೊಲಸಲ್ಲಿ ಕೂರ್ಬಾರ್ದು. ಅಷ್ಟೇ."

ವಕೀಲನಿಗೆ ಅವರ ಭಾಷೆ ಬರುತ್ತಿರಲಿಲ್ಲ. ಪೆಲ್ಹಮ್‌ನಿಗಂತೂ ಇಲ್ಲ. ಮಳೆ ಬಂದು ತೊಳೆದುಹೋಯಿತು, ಅಡಿಯಲ್ಲಿ ಇದೆ, ಅಗೆದು ನೋಡಿ, ಏನು ಹೇಳಿದರೂ ನಡೆಯುತ್ತಿತ್ತು. ಚಿಕ್ಕಮ್ಮನ ಮಾನವೂ ಉಳಿಯುತ್ತಿತ್ತು. ತಾರಿಲಾ ಒಂದು ಮಾತನ್ನೂ ಬಿಡದೆ ಇಂಗ್ಲಿಷಿಗೆ ತಿರುಗಿಸಿದಳು. ಪ್ರತಿ ಸಲವೂ ತೆಗೆದರೆಂಬುದನ್ನೂ ಸೇರಿಸಿ.

"ನೋಡಿದ್ರಾ!" ವಕೀಲ ಕುರ್ಚಿಯಲ್ಲಿ ನೆಟ್ಟಗಾದ. "ಸ್ಥಳಾನ ಇವ್ರೇ ಕೆಡಿಸಿದ್ದಾರೆ. ಅವ್ರ ಬಾಯಲ್ಲೇ ಬಂತು. ಇನ್ನು ಇಲ್ಲಿ ನೋಡೋದೇನೂ ಇಲ್ಲ, ಹೊರಡೋಣ."

"ಕೆಡಿಸಿಲ್ಲ ಸ್ವಾಮಿ," ಎಂದಳು ತಾರಿಲಾ. "ಗುಡಿಸಿದ್ದಾರೆ."

ಪೆಲ್ಹಮ್ ಇಬ್ಬರನ್ನೂ ನೋಡಿದ. "ಗುಡಿಸಿದ್ದಾರೆ ಅನ್ನೋದನ್ನ ಬರ್ಕೋತೀನಿ. ಆದ್ರೆ ಬರೀ ಮಾತಿನ ಮೇಲೆ ಎಣ್ಣೆ ಇದೆ ಅಂತ ಬರೆಯೋಕಾಗಲ್ಲ ಮೇಡಂ. ನಾನು ನೋಡ್ಬೇಕು. ಅದೂ ಇವ್ರು ಬೇರೆಲ್ಲೋ ಸುರಿದಿದ್ದನ್ನಲ್ಲ, ಈ ದಡದಲ್ಲೇ."

"ಈಗ ಉಬ್ಬರ ಏರ್ತಿದೆ. ನೀರು ಇಲ್ಲೀತನಕ ಬರುತ್ತೆ. ಕಾಡಿನ ಬೇರಿನಲ್ಲಿ ಹಿಡಿದಿರೋದನ್ನ ತಂದೇ ತರುತ್ತೆ. ಅಲ್ಲೀವರ್ಗೂ ಇರಿ."

"ಕತ್ತಲಾಗೋ ಮೊದ್ಲು ಹೊಳೆ ದಾಟ್ಬೇಕು," ಎಂದ ವಕೀಲ.

"ದಾಟೋಣ. ಊಟ ಆಗ್ಲಿ. ಉಣ್ಣದೆ ಎದ್ರೆ ಈ ಊರಲ್ಲಿ ಅದಕ್ಕಿಂತ ದೊಡ್ಡ ಬೈಗುಳ ಇಲ್ಲ."

ಪೆಲ್ಹಮ್ ಗುಡಿಸಲಿನ ಕಡೆಯಿಂದ ಬರುತ್ತಿದ್ದ ಖಾರದ ವಾಸನೆಯತ್ತ ಮೂಗು ತಿರುಗಿಸಿದ. "ಊಟಕ್ಕೆ ಎಷ್ಟು ಹೊತ್ತಾಗುತ್ತೆ?"

ತಾರಿಲಾ ಕೇಳಿ ಹೇಳಿದಾಗ ಅಕ್ಪೊಎಬಿ ಹುಬ್ಬೇರಿಸಿದಳು. "ಅವನ ಹೊಟ್ಟೆ ಎಷ್ಟು ದೊಡ್ಡದೋ ಅಷ್ಟು ಹೊತ್ತು. ನಂಗೇನ್ ಗೊತ್ತು?" ಹೆಂಗಸರು ನಕ್ಕರು.

ಬಡಿಸಲು ಏಳುವ ಮೊದಲು ತಾರಿಲಾ ಚಿಕ್ಕಮ್ಮನ ಕಿವಿಯ ಹತ್ತಿರ ಬಗ್ಗಿದಳು. "ನೀರು ಬಂದಾಗ ಯಾರೂ ಪೊರಕೆ ಮುಟ್ಬಾರ್ದು."

"ಅವ್ರು ತಿಂತಿರ್ತಾರೆ."

"ತಿಂತಿರ್ಲಿ."

"ಅನ್ನದ ಮುಂದೆ ಅದು ಬಂದು ನಿಂತ್ರೂ ನಾನು ಸುಮ್ನೆ ಕೂತಿರ್ಬೇಕಾ? ಇವ್ರೆಲ್ಲಾ ನೋಡ್ತಿರೋವಾಗ?"

"ಕೂತಿರ್ಬೇಕು ಚಿಕ್ಕಮ್ಮ."

ಅಕ್ಪೊಎಬಿ ಅವಳ ಮುಖವನ್ನೇ ನೋಡಿದಳು, ಗುರುತು ಸಿಗದವರನ್ನು ನೋಡುವ ಹಾಗೆ. ಸೌಟು ತರಲು ಹೋದಳು.

ಮರಗೆಣಸಿನ ಮುದ್ದೆ ಬಂತು, ಸುಟ್ಟ ಬಾಳೆಕಾಯಿ ಬಂತು, ಸಾರು ಬಂತು. ಈ ಹೊಳೆಯಲ್ಲಿ ಮೀನು ಸಿಗುವುದು ನಿಂತುಹೋಗಿತ್ತು. ಯೆನಗೋವಾ ಪಟ್ಟಣದ ಮಾರುಕಟ್ಟೆಯಿಂದ ಐಸಿನಲ್ಲಿಟ್ಟು ತಂದ ಮೀನನ್ನು ಅವರು ದೊಡ್ಡ ದೊಡ್ಡ ತುಂಡು ಮಾಡಿದ್ದರು. ಪೆಲ್ಹಮ್ ಬೆವರುತ್ತಾ ತಿಂದ. ವಕೀಲ ಬೇಡ ಬೇಡವೆನ್ನುತ್ತಲೇ ಎರಡನೇ ಸಲ ಹಾಕಿಸಿಕೊಂಡ.

ಮೊದಲು ಬಂದದ್ದು ವಾಸನೆ, ಸೀಮೆಎಣ್ಣೆಯ ಅಂಗಡಿಯದು. ವಕೀಲ ಮುದ್ದೆ ಮುರಿಯುವುದನ್ನು ನಿಲ್ಲಿಸಿದ. ಮರಳಿನ ಅಂಚಿನಲ್ಲಿ ನೀರು ಸದ್ದಿಲ್ಲದೆ ಮೇಲೇರುತ್ತಿತ್ತು. ಅದರ ಮೈಮೇಲೆ ನೀಲಿ, ನೇರಳೆ ಬಣ್ಣಗಳು ಸುಳಿದಾಡುತ್ತಿದ್ದವು. ನಡುನಡುವೆ ಕಂದು ನೊರೆಯ ಹೆಪ್ಪುಗಳು. ಒಂದು ಅಲೆ ಹಿಂದೆ ಸರಿದಾಗ ಬಿಳಿ ಮರಳಿನ ಮೇಲೆ ಕಪ್ಪು ಗೆರೆಯೊಂದು ಉಳಿಯಿತು. ಮುಂದಿನದು ಅದಕ್ಕಿಂತ ಮೇಲೆ ಇನ್ನೊಂದನ್ನು ಬಿಟ್ಟಿತು. ಪೆಲ್ಹಮ್ ಎಡಗೈಯಿಂದ ಜೇಬಿನೊಳಗಿನ ಕ್ಯಾಮೆರಾ ಹುಡುಕಿದ.

ದಿಸೆಯೆ ಎದ್ದೇ ಬಿಟ್ಟಳು. ಚಪ್ಪರದ ಕಂಬಕ್ಕೆ ಒರಗಿಸಿದ್ದ ಪೊರಕೆಯ ಮೇಲೆ ಅವಳ ಕೈ ಇತ್ತು. ಅವಳ ಹಿಂದೆ ಇನ್ನೂ ಇಬ್ಬರು ಏಳುತ್ತಿದ್ದರು.

"ಕೂತ್ಕೋ," ಎಂದಳು ಅಕ್ಪೊಎಬಿ.

"ಅಕ್ಕಾ, ಬರ್ತಾ ಇದೆ—"

"ಕೂತ್ಕೊಳ್ಳೇ ಅಂದ್ನಲ್ಲ."

ದಿಸೆಯೆ ಕೂತಳು. ಅಕ್ಪೊಎಬಿ ತನ್ನ ಕುರ್ಚಿಯನ್ನು ಎತ್ತಿ, ನೀರಿನ ಕಡೆ ಬೆನ್ನು ಬರುವಂತೆ ಇಟ್ಟುಕೊಂಡು ಕುಳಿತಳು. ಸಾರಿನ ಪಾತ್ರೆಯನ್ನು ಹತ್ತಿರಕ್ಕೆ ಎಳೆದು, ತಳದಿಂದ ಒಂದು ಒಳ್ಳೆಯ ತುಂಡನ್ನು ಹುಡುಕಿ ತೆಗೆದು, ಪೆಲ್ಹಮ್‌ನ ತಟ್ಟೆಗೆ ಹಾಕಿದಳು.