ಶೇಂಗಾ ಯಂತ್ರದ ಕೈಪಿಡಿ

ಕೈಪಿಡಿ ಬರೆಯಲು ಎಷ್ಟು ದಿನ ಬೇಕೆಂದು ಬಾಲರಾಜ್ ಕೇಳಿದಾಗ ಮಾಲತಿ ಹೆಚ್ಚು ಯೋಚಿಸಲಿಲ್ಲ. ಚಳ್ಳಕೆರೆಯ ಅವರ ವರ್ಕ್‌ಶಾಪಿನಲ್ಲಿ ಶೇಂಗಾ ಸುಲಿಯುವ ಯಂತ್ರಗಳು ತಯಾರಾಗುತ್ತಿದ್ದವು. ಈ ಸಲದ್ದು ಹೊಸ ಮಾದರಿ. ಕೊಂಡವರು ಮೊಳಕಾಲ್ಮುರು ಕಡೆಯ ಒಂದು ಮಹಿಳಾ ಸಂಘದವರು. ಯಂತ್ರ ನಡೆಸುವುದು ಹೇಗೆ, ನಿಂತುಹೋದರೆ ಏನು ಮಾಡಬೇಕು ಎಂದೆಲ್ಲ ತಿಳಿಸುವ ಕನ್ನಡದ ಕೈಪಿಡಿ ಜೊತೆಗೇ ಬೇಕೆಂದು ಹಟ ಹಿಡಿದಿದ್ದರು. ಡಿಪ್ಲೊಮಾ ಓದಿ ಅಲ್ಲೇ ಡ್ರಾಯಿಂಗ್ ಕೆಲಸಕ್ಕಿದ್ದ ಮಾಲತಿ, "ಒಂದು ವಾರ ಸಾಕು ಸಾರ್" ಅಂದುಬಿಟ್ಟಳು. ಬರೆಯುವುದಕ್ಕೆ ಹಿಡಿಯುವ ಹೊತ್ತನ್ನಷ್ಟೇ ಲೆಕ್ಕ ಹಾಕಿದ್ದಳು, ತಿಳಿದುಕೊಳ್ಳುವುದಕ್ಕೆ ಹಿಡಿಯುವುದನ್ನಲ್ಲ.

ವಾರ ಮುಗಿಯುವ ಮೊದಲೇ ಫಿಟ್ಟರ್ ಮಾರುತೇಶ್ ಜರಡಿ ಬದಲಿಸಿದ. ಜರಡಿ ಬದಲಾದ ಮೇಲೆ ಮೋಟಾರಿನ ವೇಗ ಬದಲಾಯಿತು. ಹಿಡಿಕೆಯೂ ಬದಲಾಗಿ, ಅವಳು ತೆಗೆದಿದ್ದ ಫೋಟೋಗಳಲ್ಲೆಲ್ಲ ಹಳೆಯದೇ ಉಳಿಯಿತು. ಕೇಳಿದರೆ, ಕಾಳು ಒಡೆಯುತ್ತಿದ್ದವು, ಇನ್ನೇನು ಮಾಡಲಿ ಅಂದ. ಅವನದೂ ತಪ್ಪಿರಲಿಲ್ಲ. ಕೊನೆಯ ಪುಟ ತಿದ್ದುವಷ್ಟರಲ್ಲಿ ಮೊದಲನೆಯದು ಸುಳ್ಳಾಗಿರುತ್ತಿತ್ತು. ಬಾಲರಾಜ್ ಕೇಳಿದಾಗಲೆಲ್ಲ ಇನ್ನೆರಡು ದಿನ ಅನ್ನುತ್ತಿದ್ದಳು. ಅನ್ನುವಾಗ ಅದನ್ನು ನಂಬಿಯೂ ಇರುತ್ತಿದ್ದಳು.

ಕಡೆಗೆ ಯಂತ್ರ ಕೈಪಿಡಿಯಿಲ್ಲದೆಯೇ ಹೊರಟಿತು. ಬಾಯಲ್ಲೇ ಹೇಳಿಕೊಟ್ಟು ಬಾ ಎಂದು ಬಾಲರಾಜ್ ಅವಳನ್ನೂ ಜೊತೆಗೆ ಕಳಿಸಿದರು.

ಸಂಘದ ಶೆಡ್ಡಿನಲ್ಲಿ ಹೆಂಗಸರು ಸುತ್ತ ನಿಂತರು. ಮಾಲತಿ ಕನ್ನಡದಲ್ಲಿ ಹೇಳಿದ್ದನ್ನು ಸಂಘದ ಹಿರಿಯಳು ಜುಂಜಮ್ಮ ಕೆಲವರಿಗೆ ತೆಲುಗಿನಲ್ಲಿ ತಿಳಿಸುತ್ತಿದ್ದಳು. ಯಂತ್ರ ಸ್ವಲ್ಪ ಹೊತ್ತು ಚೆನ್ನಾಗಿ ಓಡಿ, ಗಕ್ಕನೆ ನಿಂತಿತು. ಮಾಲತಿ ಸ್ವಿಚ್ ಆರಿಸಿ ಮಾರುತೇಶನಿಗೆ ಫೋನ್ ಮಾಡಿದಳು. ವರ್ಕ್‌ಶಾಪಿನಲ್ಲಿ ಒಮ್ಮೆಯೂ ಹಾಗೆ ನಿಂತಿರಲಿಲ್ಲ, ಕಾಯಿ ತೇವ ಇರಬಹುದು, ಬಂದು ನೋಡಬೇಕು ಅಂದ ಅವನು. ಅಂದರೆ ಕೈಪಿಡಿಗೆ ಇನ್ನೂ ಒಂದು ಭಾಗ ಸೇರಬೇಕಿತ್ತು, ಅದರಲ್ಲಿ ಏನು ಬರೆಯಬೇಕೆಂದು ಯಾರಿಗೂ ಗೊತ್ತಿರಲಿಲ್ಲ.

ಹಿಂದಿನ ಯಂತ್ರದಲ್ಲಿ ಸಂಘದ ಹೆಂಗಸೊಬ್ಬಳ ಬೆರಳು ಹೋಗಿತ್ತಂತೆ. ಜುಂಜಮ್ಮ ಮೆಲ್ಲಗೆ ಅಂದಳು: "ಬಾಯಾಗೆ ಹೇಳಿದ್ದು ನೆನಪಿರಾಕಿಲ್ಲ ತಾಯಿ. ನೀನು ಹೋದ್ಮೇಲೆ ಕೈ ಹಾಕೋರು ನಾವು. ಬುಕ್ಕು ಯಾವಾಗ ಬರ್ತೈತೆ?"

ಅಷ್ಟರಲ್ಲಿ ಮಾಲತಿಗೆ ಬಾಲರಾಜ್ ಫೋನ್ ಬಂತು. ಅವರ ಪ್ರಶ್ನೆಯೂ ಅದೇ.

"ನನಗೇ ಗೊತ್ತಾಗ್ತಿಲ್ಲ ಸಾರ್."

"ಗೊತ್ತಿಲ್ಲ ಅಂತ ಅವರಿಗೆ ಹೇಳಾಕಾಗ್ತೈತೇನಮ್ಮ? ಯಾವ್ದಾದ್ರೂ ಒಂದು ದಿನ ಹೇಳು."

"ಸೋಮವಾರ," ಅಂದಳು. ಬಾಯಿಗೆ ಬಂದ ದಿನ ಅದು.

ಬಾಲರಾಜ್ ಜುಂಜಮ್ಮನಿಗೆ ಫೋನ್ ಕೊಡಿಸಿ ಅದನ್ನೇ ಹೇಳಿದರು. ಜುಂಜಮ್ಮನ ಮುಖ ಸಡಿಲವಾಯಿತು. ಸೋಮವಾರ ಬನ್ನಿ ಎಂದು ಉಳಿದವರಿಗೆ ತಿಳಿಸಿ, ಯಂತ್ರಕ್ಕೆ ಟಾರ್ಪಾಲು ಹೊದಿಸಿದಳು. ಸೋಮವಾರವೆಂಬುದು ಸುಳ್ಳೆಂದು ಹೇಳಬೇಕಿದ್ದ ಮಾಲತಿ ಟಾರ್ಪಾಲಿನ ಇನ್ನೊಂದು ತುದಿ ಹಿಡಿದು ಕಟ್ಟಲು ನೆರವಾದಳು. ಹೊರಡುವಾಗ ಒಬ್ಬಳು ಅವಳ ಬ್ಯಾಗಿಗೆ ಬೊಗಸೆ ತುಂಬ ಶೇಂಗಾ ಸುರಿದಳು. ಬೇಡವೆನ್ನಲೂ ಅವಳಿಂದ ಆಗಲಿಲ್ಲ.