ಮಲಗಿಸಿ ನೆಟ್ಟ ನೀರವಂಜಿ

ವಿಕ್ರೋಳಿಯ ಒಂದು ಕಾರ್ಖಾನೆಯ ಚಾಳಿನ ಹಿಂದೆ ಅರ್ಧ ಎಕರೆ ಜೌಗು ನೆಲವಿತ್ತು. ಮಳೆಗಾಲದಲ್ಲಿ ಅಲ್ಲಿ ಕಾಲಿಟ್ಟವರ ಚಪ್ಪಲಿ ಅಲ್ಲೇ ಉಳಿಯುತ್ತಿತ್ತು. ಕಾರ್ಖಾನೆಯ ಮಾಲಿ ಕಾಶಪ್ಪ ನೆಟ್ಟ ದಾಸವಾಳ, ನುಗ್ಗೆ ಎರಡೂ ಕೊಳೆತವು. ೧೯೫೬ರ ಜುಲೈಯಲ್ಲಿ ಸಾಹೇಬರು ಗಡುವು ಕೊಟ್ಟರು: ಆಗಸ್ಟ್ ಹದಿನೈದಕ್ಕೆ ಹಸಿರು ಕಾಣದಿದ್ದರೆ ಅಲ್ಲಿ ಬೂದಿ ತುಂಬಿಸುವುದು, ಕಾಶಪ್ಪನನ್ನು ವಾಪಸು ಭಟ್ಟಿಗೆ ಹಾಕುವುದು. ಎಂಟು ವರ್ಷ ಭಟ್ಟಿಯ ಮುಂದೆ ಬೆಂದು, ಕಳೆದ ವರ್ಷವಷ್ಟೇ ಮಾಲಿಯಾಗಿದ್ದ ಅವನಿಗೆ ಊಟ ಸೇರಲಿಲ್ಲ.

ಪವಾಯಿ ಕೆರೆಯಂಚಿನಲ್ಲಿ ನೀರವಂಜಿ ಮರಗಳಿದ್ದವು. ಬೇರೆ ಗಿಡ ಕೊಳೆಯುವ ಕೆಸರಿನಲ್ಲಿ ಅದು ಮೊದಲು ಬೇರೂರಿ, ಮಣ್ಣು ಹಿಡಿದು, ಉಳಿದ ಗಿಡಗಳಿಗೆ ಜಾಗ ಹದ ಮಾಡುತ್ತದೆ. ಬೀಜ ಬೇಡ, ಹಸಿ ಕಡ್ಡಿ ಚುಚ್ಚಿದರೆ ಸಾಕು. ಜುಲೈ ಇಪ್ಪತ್ತೆರಡರ ಭಾನುವಾರ ಕಾಶಪ್ಪ ಮೊಳದುದ್ದದ ನೂರ ಇಪ್ಪತ್ತು ಕಡ್ಡಿ ತಂದ. ಅಷ್ಟರಲ್ಲಿ ಸಾಹೇಬರ ಅಂಗಳದಲ್ಲಿ ಮರ ಬಿದ್ದಿದೆಯೆಂದು ಕರೆ ಬಂತು. ಹೆಂಡತಿ ರಾಚವ್ವನಿಗೆ, "ಕತ್ತಲಾಗೂದರೊಳಗ ನೆಲಕ್ಕ ಹಚ್ಚಿಬಿಡು" ಎಂದು ಓಡಿದ.

ಸಂಜೆ ಬಂದು ನೋಡಿದರೆ ನೆಲ ಬೋಳು.

"ಕಡ್ಡಿ ಎಲ್ಲ್ಯಾವ? ಒಲಿಗೆ ಇಟ್ಟಿಯೇನು?"

"ನಿಮ್ಮ ಕಾಲ ಕೆಳಗ ಅದಾವ. ಸರೀರಿ, ತುಳೀಬ್ಯಾಡ್ರಿ."

ರಾಚವ್ವನ ತವರು ಗೋಕಾಕದ ಕಡೆ, ಕಬ್ಬಿನ ಸೀಮೆ. ನೆರೆಯ ನಾಗವ್ವ, ಚನ್ನವ್ವರನ್ನು ಕರೆದುಕೊಂಡು ಸಾಲು ಹೊಡೆದು, ಕಬ್ಬಿನ ತುಂಡುಗಳಂತೆಯೇ ಕಡ್ಡಿಗಳನ್ನು ಮಲಗಿಸಿ, ಮೇಲೆ ಎರಡು ಬೆರಳು ಮಣ್ಣೆಳೆದಿದ್ದಳು.

"ಇದು ಕಬ್ಬಲ್ಲ, ನಮ್ಮವ್ವಾ. ನಿಲ್ಲಿಸಿ ಚುಚ್ಚೂದು."

"ಹನ್ನೆರಡು ವರ್ಷ ಕಬ್ಬು ಹಚ್ಚೀನಿ. ನಿಲ್ಲಿಸಿ ಹಚ್ಚಿದವರನ್ನ ನಾ ಕಂಡಿಲ್ಲ."

"ಸಾಹೇಬ ಬಂದು ಕೇಳಿದ್ರ, ಗಿಡ ಮಲಗ್ಯಾವ ಅಂತ ಹೇಳ್ಲೇನು?"

"ಹೇಳ್ರಿ. ಸಪ್ಪಳ ಮಾಡಬ್ಯಾಡ್ರಿ ಅಂತನೂ ಹೇಳ್ರಿ."

ನಾಗವ್ವ ನಗು ತಡೆಯಲಾರದೆ ಮೆಟ್ಟಿಲ ಮೇಲೆ ಕುಳಿತುಬಿಟ್ಟಳು. ಕಾಶಪ್ಪ ಸಲಿಕೆ ಎತ್ತಿಕೊಂಡ. ರಾಚವ್ವ ಸಾಲಿನ ಮೇಲೆ ಅಡ್ಡ ನಿಂತಳು.

"ಅಗದ್ರ ಮೊಳಕಿ ಒಡಿಯೂ ಕಣ್ಣು ಮುರೀತಾವ. ಮದಲ ನನ್ನ ಅಗೀರಿ."

ಅವನು ಅಗೆಯಲಿಲ್ಲ. ಮತ್ತೆ ಪವಾಯಿಗೆ ಹೋಗಲು ರಜೆಯೂ ಸಿಗಲಿಲ್ಲ. ದಿನಕ್ಕೆ ನಾಲ್ಕು ಸಲ ಬಗ್ಗಿ ಕೆಸರು ನೋಡಿದ.

ಹನ್ನೊಂದನೆಯ ದಿನ ಬೆಳಿಗ್ಗೆ ಸಾಲುಗುಂಟ ಕೆಂಪು ಮೊಳಕೆಗಳು ಎದ್ದಿದ್ದವು, ಒಂದೊಂದು ಕಡ್ಡಿಗೆ ಮೂರು, ನಾಲ್ಕು. ಚಾಳಿನವರು ಬಾಯಲ್ಲಿ ಹಲ್ಲುಪುಡಿ ಇಟ್ಟುಕೊಂಡೇ ಹೊರಬಂದರು. ಕಾಶಪ್ಪ ಎಣಿಸಿದ: ಮುನ್ನೂರ ಐವತ್ತೆಂಟು. ಇನ್ನೊಮ್ಮೆ ಎಣಿಸಿದ: ಮುನ್ನೂರ ಅರವತ್ತೊಂದು. ಸಂತೋಷಕ್ಕೆ ಹಾರಿದವನು ಮೊಣಕಾಲವರೆಗೆ ಹೂತುಹೋದ. ಎಳೆಯಲು ಬಂದ ಚನ್ನವ್ವನ ಗಂಡ ಪರಪ್ಪನೂ ಕೆಸರಿಗೆ ಬಿದ್ದ. ಅವನನ್ನು ಎಳೆಯಲು ಯಾರೂ ಹೋಗಲಿಲ್ಲ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಆಗಸ್ಟ್ ಹದಿನೈದರಂದು ಧ್ವಜವಂದನೆ ಮುಗಿಸಿ ಸಾಹೇಬರು ಬಂದಾಗ ಚಿಗುರು ಗೇಣೆತ್ತರವಿತ್ತು.

"ಏಕ್ ಸೌ ಬೀಸ್ ಬೋಲಾ ಥಾ. ಇತ್ನಾ ಕಿಸ್ನೆ ಲಗಾಯಾ?" ನೂರ ಇಪ್ಪತ್ತು ಕಡ್ಡಿ ಎಂದಿದ್ದೆಯಲ್ಲ, ಇಷ್ಟೊಂದು ನೆಟ್ಟವರು ಯಾರು ಎಂದು ಕೇಳಿದರು.

ಕಾಶಪ್ಪ ರಾಚವ್ವನ ಕಡೆ ಕೈ ತೋರಿಸಿದ.

ಸಾಹೇಬರು ಬೂದಿಯ ಯೋಜನೆ ಕೈಬಿಟ್ಟರು. ಕಾಶಪ್ಪ ಮಾಲಿಯಾಗಿಯೇ ಇರಲಿ, ಜೌಗಿನ ಪಕ್ಕದ ನಾಲೆಯ ಆಚೆ ದಡಕ್ಕೂ ಹೀಗೆಯೇ ನೆಡಲಿ, ಈ ಹೆಂಗಸಿಗೂ ದಿನಗೂಲಿ ಕೊಡೋಣ ಎಂದರು.

ರಾಚವ್ವ ಸೆರಗು ಸರಿಮಾಡಿಕೊಂಡಳು. "ನಾ ಒಬ್ಬಾಕೀನ ಅಲ್ಲ, ನಾಗವ್ವ, ಚನ್ನವ್ವನೂ ಬರತಾರಂತ ಹೇಳ್ರಿ. ನೀವು ಕಡ್ಡಿ ಹೊತ್ತು ತಂದು ಕೊಟ್ಟು, ದೂರ ನಿಲ್ಲತೀರಂತ ಹೇಳ್ರಿ."

ಕಾಶಪ್ಪ ಅಷ್ಟನ್ನೂ ಹಿಂದಿಯಲ್ಲಿ ಹೇಳಿದ, ಕೊನೆಯ ಮಾತನ್ನೂ ಬಿಡದೆ.